ರಾಕ್ಷಸನನ್ನೂ ಕೊಡಿ, ಬರಗಾಲವನ್ನೂ ಕೊಡಿ



ಕಳೆದ ತಿಂಗಳು ನನ್ನಲ್ಲಿಗೆ ಎರಡು ದೂರುಗಳು ಬಂದವು. ಮೊದಲನೆಯದು ಹೈದರಾಬಾದಿನಲ್ಲಿ ನೌಕರಿ ಮಾಡುತ್ತಿರುವ ಹಳೆಯ ವಿದ್ಯಾರ್ಥಿಯೊಬ್ಬನದು. "ಸರ್, ಮಗಳು ಒಂಬತ್ತನೆಯ ತರಗತಿಗೆ ಬಂದಿದ್ದಾಳೆ. ಕೈಯಲ್ಲಿ ಪುಸ್ತಕವಿದ್ದರೆ ಅದು ಮಂತ್ರವಾದಿಯದ್ದೋ ಬೆಂಕಿ ಉಗುಳುವ ಹಾವಿನದ್ದೋ ಆಗಿರುತ್ತದೆ. ಸುಳ್ಳಿನ ಲೋಕದಲ್ಲಿಯೇ ಬೆಳೆಯುತ್ತಿದ್ದಾಳೆ. ತಾವು ನಾಲ್ಕು ಮಾತು ಬುದ್ಧಿ ಹೇಳಬೇಕು" ಎಂದು ಬರೆದಿದ್ದ. ಎರಡನೆಯದು ಶಿಕ್ಷಕಿಯಾಗಿರುವ ನಮ್ಮಣ್ಣನ ಮಗಳದು. "ಕಾಕಾ, ಶಾಲೆಗೆ ಬಂದ ಕಾದಂಬರಿಯೊಂದರಲ್ಲಿ ಕುಡುಕ ತಂದೆ, ಸಾಲ, ಹುಡುಗಿಯ ಮದುವೆಯ ಗಲಾಟೆ ಎಲ್ಲವೂ ಇವೆ. ಹದಿನಾಲ್ಕರ ಮಕ್ಕಳ ಕೈಗೆ ಇದನ್ನು ಕೊಡಬಹುದೇ?" ಎಂದು ಆಕೆಯ ಪ್ರಶ್ನೆ.

ಇಬ್ಬರೂ ಮಕ್ಕಳ ಮೇಲಿನ ಪ್ರೀತಿಯಿಂದಲೇ ಕೇಳಿದ್ದಾರೆ. ಆದರೆ ಈ ಎರಡು ದೂರುಗಳನ್ನು ಒಟ್ಟಿಗೆ ಇಟ್ಟು ನೋಡಿರಿ. ಒಬ್ಬನಿಗೆ ಕಥೆ ಸುಳ್ಳಾಗಿರುವುದರಿಂದ ಬೇಡ. ಇನ್ನೊಬ್ಬಳಿಗೆ ಅದು ನಿಜವಾಗಿರುವುದರಿಂದ ಬೇಡ. ಸುಳ್ಳೂ ಬೇಡ, ನಿಜವೂ ಬೇಡವೆಂದ ಮೇಲೆ ಹದಿಹರೆಯದವರ ಪಾಲಿಗೆ ಉಳಿಯುವುದೇನು? ನೀತಿಕಥೆ ಮತ್ತು ಗೈಡು. ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದವನಾಗಿ ನಾನು ಹೇಳುವುದಿಷ್ಟೇ: ನಮ್ಮ ಮಕ್ಕಳ ಓದನ್ನು ಕೆಡಿಸುತ್ತಿರುವವರು ರಾಕ್ಷಸರೂ ಅಲ್ಲ, ಕುಡುಕ ತಂದೆಯರೂ ಅಲ್ಲ. ಮಕ್ಕಳನ್ನು ನಂಬದ ಹಿರಿಯರು ಕೆಡಿಸುತ್ತಿದ್ದಾರೆ.

ಮೊದಲು ಸುಳ್ಳಿನ ಲೋಕದ ಮಾತನ್ನು ತೆಗೆದುಕೊಳ್ಳೋಣ. ಅದ್ಭುತ ಕಥೆಗಳು ಇಂಗ್ಲಿಷಿನಿಂದ ಬಂದ ಹೊಸ ರೋಗವೆಂಬಂತೆ ಹಲವರು ಮಾತನಾಡುತ್ತಾರೆ. ನಮ್ಮ ಜಿಲ್ಲೆ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಉರ್ದು ಮಾಧ್ಯಮದಲ್ಲಿ ಓದಿದ ನಮ್ಮ ಹಿರಿಯರಿಗೆ ಅಮೀರ್ ಹಮ್ಜಾನ ದಾಸ್ತಾನಿನ ಹೆಸರು ಅಪರಿಚಿತವಾಗಿರಲಿಲ್ಲ. ಅದರ ಭಾಗವಾದ 'ತಿಲಿಸ್ಮ್-ಎ-ಹೋಶ್‌ರುಬಾ' 1883ರಿಂದ ಲಖನೌದ ನವಲ್ ಕಿಶೋರ್ ಮುದ್ರಣಾಲಯದಲ್ಲಿ ಸಂಪುಟ ಸಂಪುಟವಾಗಿ ಅಚ್ಚಾಯಿತು. ಮಾಯಾನಗರಗಳು, ಜಾದೂಗಾರರು, ರೂಪ ಬದಲಿಸುವ ಗೂಢಚಾರರು ಅದರ ತುಂಬ ಇದ್ದಾರೆ. ಕನ್ನಡದಲ್ಲಿ ಪುರಾಣ ಕೇಳುವ ಮನೆಗಳಲ್ಲಿ ಲಕ್ಷ್ಮೀಶನ ಜೈಮಿನಿ ಭಾರತವಿತ್ತು. ಈ ಕವಿಯ ಊರು ಕಡೂರಿನ ದೇವನೂರೋ ನಮ್ಮ ನೆರೆಯ ಸುರಪುರದ ಕಡೆಯ ದೇವಾಪುರವೋ ಎಂದು ವಿದ್ವಾಂಸರು ವಾದಿಸುತ್ತಾರೆ. ಆ ವಾದ ಇಲ್ಲಿ ಬೇಡ. ಅದರಲ್ಲಿ ಬರುವ ಚಂದ್ರಹಾಸನ ಕಥೆಯನ್ನು ನೆನಪಿಸಿಕೊಳ್ಳಿರಿ. ಅನಾಥ ಬಾಲಕನನ್ನು ಕಾಡಿಗೊಯ್ದು ಕೊಲ್ಲಲು ಮಂತ್ರಿ ದುಷ್ಟಬುದ್ಧಿ ಆಳುಗಳನ್ನು ಕಳುಹಿಸುತ್ತಾನೆ. ಅವರು ಮನಸ್ಸು ಕರಗಿ, ಅವನ ಆರನೆಯ ಕಾಲ್ಬೆರಳನ್ನಷ್ಟೇ ಕತ್ತರಿಸಿ ಬಿಟ್ಟುಬಿಡುತ್ತಾರೆ. ಮುಂದೆ ಅವನಿಗೆ 'ವಿಷ'ವನ್ನು ಕೊಡಬೇಕೆಂದು ಬರೆದ ಪತ್ರವನ್ನು ಮಂತ್ರಿಯ ಮಗಳೇ 'ವಿಷಯೆ'ಯನ್ನು ಕೊಡಬೇಕೆಂದು ತಿದ್ದುತ್ತಾಳೆ. ಕೊಲೆ, ಕ್ರೌರ್ಯ, ಮೋಸ, ಹುಡುಗಿಯೊಬ್ಬಳ ಧೈರ್ಯದ ಪ್ರೇಮ, ಇಷ್ಟೂ ಒಂದೇ ಕಥೆಯಲ್ಲಿವೆ. ಇದನ್ನು ಗುಡಿಯ ಕಟ್ಟೆಯ ಮೇಲೆ ಓದುವಾಗ, ಮಕ್ಕಳನ್ನು ಎಬ್ಬಿಸಿ ಮನೆಗೆ ಕಳುಹಿಸಿ ಎಂದು ಯಾರೂ ಹೇಳುತ್ತಿರಲಿಲ್ಲ.

ನಮ್ಮ ತಲೆಮಾರಿಗೆ ಚಂದಮಾಮ ಸಿಕ್ಕಿತು. 1947ರ ಜುಲೈಯಲ್ಲಿ ನಾಗಿರೆಡ್ಡಿ ಮತ್ತು ಚಕ್ರಪಾಣಿಯವರು ಮದರಾಸಿನಲ್ಲಿ ಆರಂಭಿಸಿದ ಈ ಪತ್ರಿಕೆ ಬೇಗನೆ ಕನ್ನಡಕ್ಕೂ ಬಂದಿತು. ತೆಲುಗಿನ ದಾಸರಿ ಸುಬ್ರಹ್ಮಣ್ಯಂ ಅವರು ಬರೆದ ಮಾಂತ್ರಿಕರ ಧಾರಾವಾಹಿಗಳಿಗೆ ನಾವು ತಿಂಗಳುಗಟ್ಟಲೆ ಕಾಯುತ್ತಿದ್ದೆವು. ಆದರೆ ನನ್ನನ್ನು ಹೆಚ್ಚು ಬೆಳೆಸಿದವನು ಬೇತಾಳ. ಆತ ಕಥೆ ಹೇಳಿ ಮುಗಿಸಿ ನೀತಿ ಹೇಳುವುದಿಲ್ಲ, ಪ್ರಶ್ನೆ ಕೇಳುತ್ತಾನೆ. ಉತ್ತರ ತಿಳಿದೂ ಸುಮ್ಮನಿದ್ದರೆ ನಿನ್ನ ತಲೆ ಸಿಡಿದು ಹೋಳಾಗುತ್ತದೆ ಎನ್ನುತ್ತಾನೆ. ಹನ್ನೆರಡು ವರ್ಷದ ಹುಡುಗನನ್ನು ನ್ಯಾಯಾಧೀಶನ ಪೀಠದಲ್ಲಿ ಕೂರಿಸುವ ಇಂಥ ಕಥೆಗೂ, ಕೊನೆಯಲ್ಲಿ ದಪ್ಪಕ್ಷರದಲ್ಲಿ ನೀತಿಯನ್ನು ಅಚ್ಚುಮಾಡಿದ ಕಥೆಗೂ ಅಜಗಜಾಂತರ. ಆ ಚಂದಮಾಮವೂ 2013ರ ಹೊತ್ತಿಗೆ ನಿಂತುಹೋಯಿತು. ಅದು ಖಾಲಿ ಮಾಡಿದ ಜಾಗಕ್ಕೆ ನಾವು ಏನನ್ನು ತಂದಿಟ್ಟೆವೆಂದು ಕೇಳಿದರೆ ನನಗೆ ತಲೆ ತಗ್ಗಿಸುವಂತಾಗುತ್ತದೆ.

ಹೈದರಾಬಾದಿನ ಶಿಷ್ಯನ ಮಗಳು ಓದುತ್ತಿರುವ ಪುಸ್ತಕಗಳಲ್ಲಿ ಹ್ಯಾರಿ ಪಾಟರ್ ಕೂಡ ಇದೆಯಂತೆ. 1997ರಿಂದ 2007ರವರೆಗೆ ಏಳು ಸಂಪುಟಗಳಲ್ಲಿ ಬಂದ ಈ ಕಥೆಯಲ್ಲಿ ಮಾಂತ್ರಿಕರ ಕೆಲವು ಮನೆತನಗಳು ತಮ್ಮದು ಶುದ್ಧ ರಕ್ತವೆಂದು ಬೀಗುತ್ತವೆ. ಮಂತ್ರ ಗೊತ್ತಿಲ್ಲದ ತಂದೆತಾಯಿಗಳಿಗೆ ಹುಟ್ಟಿದ ಹರ್ಮಾಯ್ನಿ ಎಂಬ ಹುಡುಗಿಯನ್ನು, ತರಗತಿಯಲ್ಲಿ ಎಲ್ಲರಿಗಿಂತ ಮುಂದಿದ್ದರೂ, ಹೀನ ಮಾತಿನಿಂದ ಹಂಗಿಸುತ್ತಾರೆ. ಇದನ್ನು ನಮ್ಮ ಊರಿನ ಮಗುವಿಗೆ ಬಿಡಿಸಿ ಹೇಳಬೇಕೇ? ಊರಿನ ಬಾವಿ, ಗುಡಿಯ ಮೆಟ್ಟಿಲು, ಹೋಟೆಲಿನ ಬೇರೆ ಲೋಟ, ಇವುಗಳ ಚರಿತ್ರೆ ತಿಳಿದವರಿಗೆ ಶುದ್ಧ ರಕ್ತದ ಮಾತು ಯಾವ ದೇಶದ್ದೆಂಬ ಅನುಮಾನ ಬರಲಾರದು. ಸುಳ್ಳಿನ ಲೋಕವೆಂದು ತಂದೆ ಅಂಜುವ ಪುಸ್ತಕದಲ್ಲಿ ಮಗಳು ಜಾತಿಯ ಅಹಂಕಾರದ ಮುಖವನ್ನು ನೋಡುತ್ತಿದ್ದಾಳೆ.

ಹಾಗೆಂದು ಮಂತ್ರದಂಡವಿರುವ ಪುಸ್ತಕವೆಲ್ಲವೂ ಒಳ್ಳೆಯದೆಂದು ನಾನು ಹೇಳಲಾರೆ. ಹುಟ್ಟಿನಿಂದಲೇ ಆರಿಸಲ್ಪಟ್ಟ ವೀರ, ಭವಿಷ್ಯವಾಣಿ, ದೊಡ್ಡ ಮನೆತನದ ಗುಪ್ತ ರಕ್ತ, ಇಷ್ಟರಲ್ಲಿಯೇ ಕಥೆ ಮುಗಿಸುವ ಅಗ್ಗದ ಸರಣಿಗಳು ಸಾಕಷ್ಟು ಇವೆ. ಹುಟ್ಟಿನಿಂದಲೇ ದೊಡ್ಡವನು ಎಂಬ ಮಾತನ್ನು ಸಾವಿರ ವರ್ಷ ಕೇಳಿ ಸೊರಗಿದ ನಾಡು ನಮ್ಮದು. ಅದನ್ನೇ ಹೊಸ ರಕ್ಷಾಪುಟ ಹಾಕಿ ಮಕ್ಕಳಿಗೆ ಮಾರುವುದನ್ನು ನಾನು ಒಪ್ಪುವುದಿಲ್ಲ. ತಂದೆತಾಯಿಗಳು ಮಗಳೊಡನೆ ಕುಳಿತು ಈ ವಿಷಯದಲ್ಲಿ ಜಗಳವಾಡಲಿ. ಜಗಳವಾಡಬೇಕಾದರೆ ಆ ಪುಸ್ತಕವನ್ನು ತಾವೂ ಓದಬೇಕಾಗುತ್ತದೆ, ಅಷ್ಟೇ.

ಇನ್ನು ಎರಡನೆಯ ದೂರು, ನಿಜದ ಭಯ. ಇದು ನನ್ನನ್ನು ಹೆಚ್ಚು ನೋಯಿಸುತ್ತದೆ. ಹದಿನಾಲ್ಕರ ಮಕ್ಕಳಿಗೆ ಸಾಲ, ಕುಡಿತ, ಬಲವಂತದ ಮದುವೆ ಗೊತ್ತಿಲ್ಲವೆಂದು ತಿಳಿದವರು ದೇವದುರ್ಗ, ಮಾನ್ವಿ, ಲಿಂಗಸುಗೂರಿನ ಕಡೆಯ ಯಾವ ಪ್ರೌಢಶಾಲೆಯ ಹಾಜರಿ ಪುಸ್ತಕವನ್ನೂ ತೆರೆದು ನೋಡಿದವರಲ್ಲ. ಸುಗ್ಗಿ ಮುಗಿದ ಮೇಲೆ ಹಾಜರಿಯಲ್ಲಿ ಗೈರು ಗುರುತು ಏಕೆ ಹೆಚ್ಚುತ್ತದೆ? ಮನೆಮಂದಿ ಬೆಂಗಳೂರಿಗೆ ಗುಳೆ ಹೊರಟಿರುತ್ತಾರೆ. ಕೆಲವರು ಮಕ್ಕಳನ್ನೂ ಕರೆದೊಯ್ಯುತ್ತಾರೆ. ಕೆಲವರು ಅಜ್ಜಿಯ ಬಳಿ ಬಿಟ್ಟು ಹೋಗುತ್ತಾರೆ. ಬೇಸಿಗೆ ರಜೆ ಮುಗಿದಾಗ ಒಂಬತ್ತನೆಯ ತರಗತಿಯ ಬಾಲಕಿಯರ ಸಾಲಿನಲ್ಲಿ ಒಂದೆರಡು ಜಾಗ ಖಾಲಿ ಉಳಿದದ್ದನ್ನು ನಾನು ವರ್ಷ ವರ್ಷ ಕಂಡಿದ್ದೇನೆ. ಬಾಲ್ಯವಿವಾಹ ನಿಷೇಧ ಕಾಯಿದೆ 2006ರದು. ಆ ಖಾಲಿ ಜಾಗಗಳು ಅದರ ನಂತರವೂ ಇದ್ದವು. ಈ ಮಕ್ಕಳಿಗೆ ನಿಜವನ್ನು ಮರೆಮಾಚಿ ಯಾರನ್ನು ಕಾಪಾಡುತ್ತೇವೆ? ತನ್ನ ಬದುಕು ಯಾವ ಪುಸ್ತಕದಲ್ಲಿಯೂ ಇಲ್ಲವೆಂದು ಕಂಡ ಹುಡುಗಿ, ತನ್ನ ಬದುಕು ಬರೆಯಲು ಯೋಗ್ಯವಲ್ಲವೆಂದು ತಿಳಿಯುತ್ತಾಳೆ.

ಅಮೆರಿಕದಲ್ಲಿ ಎಸ್. ಇ. ಹಿಂಟನ್ ಎಂಬ ಹುಡುಗಿ, ತನ್ನ ವಯಸ್ಸಿನವರಿಗೆಂದು ಬರುವ ಪುಸ್ತಕಗಳಲ್ಲಿ ತಾನು ಕಾಣುವ ಹುಡುಗರೇ ಇಲ್ಲವೆಂದು ಬೇಸತ್ತು, ಶಾಲೆಯಲ್ಲಿರುವಾಗಲೇ 'ದಿ ಔಟ್‌ಸೈಡರ್ಸ್' ಕಾದಂಬರಿ ಬರೆದಳು. 1967ರಲ್ಲಿ ಅದು ಪ್ರಕಟವಾದಾಗ ಆಕೆಗೆ 18 ವರ್ಷ. ಬಡವರ ಓಣಿಯ ಹುಡುಗರ ಬಡಿದಾಟ, ಸಾವು, ಗೆಳೆತನದ ಆ ಪುಸ್ತಕ ಇಂದಿಗೂ ಓದಲ್ಪಡುತ್ತಿದೆ. ಕನ್ನಡದಲ್ಲಿಯೂ ಪ್ರಯತ್ನಗಳು ನಡೆದಿವೆ. ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ 2010ರಲ್ಲಿ ಆರಂಭವಾದ ಮೇಲೆ ನಾ. ಡಿಸೋಜರ 'ಮುಳುಗಡೆಯ ಊರಿಗೆ ಬಂದವರು', ಬಸು ಬೇವಿನಗಿಡದ ಅವರ 'ಓಡಿ ಹೋದ ಹುಡುಗ', ತಮ್ಮಣ್ಣ ಬೀಗಾರರ 'ಬಾವಲಿ ಗುಹೆ', ವಿಜಯಶ್ರೀ ಹಾಲಾಡಿಯವರ 'ಸೂರಕ್ಕಿ ಗೇಟ್' ಮೊದಲಾದ ಕಾದಂಬರಿಗಳಿಗೆ ಆ ಗೌರವ ಸಂದಿದೆ. ಸಂತೋಷ. ಆದರೆ ನಮ್ಮಲ್ಲಿ ಮಕ್ಕಳ ಸಾಹಿತ್ಯವೆಂಬುದು ಒಂದೇ ಕಪಾಟು. ಒಂಬತ್ತು ವರ್ಷದವನೂ ಹದಿನಾರರವಳೂ ಅದರ ಮುಂದೆಯೇ ನಿಲ್ಲಬೇಕು. ಹದಿನಾರರವಳು ಅದನ್ನು ಚಿಕ್ಕವರದೆಂದು ಬಿಟ್ಟು ನಡೆದರೆ ಮುಂದಿನ ಕಪಾಟು ಸೀದಾ ದೊಡ್ಡವರದು. ನಡುವೆ ಮೆಟ್ಟಿಲಿಲ್ಲ.

ವಾಸ್ತವದ ಹೆಸರಿನಲ್ಲಿ ನಡೆಯುವ ಸುಳ್ಳೂ ಇದೆ. ಬಡ ಹುಡುಗ, ಕರುಣಾಳು ಮೇಷ್ಟರು, ಬೀದಿದೀಪದ ಓದು, ಕೊನೆಗೆ ಜಿಲ್ಲಾಧಿಕಾರಿಯ ಕಾರು: ಇಂಥ ಕಥೆಗಳ ಹಸ್ತಪ್ರತಿಗಳನ್ನು ನನಗೆ ಕಳುಹಿಸಿ ಮುನ್ನುಡಿ ಕೇಳುವವರಿದ್ದಾರೆ. ಇವುಗಳಲ್ಲಿ ಬಡತನ ಒಂದು ಪರೀಕ್ಷೆ, ಜಾಣನು ಪಾಸಾಗುತ್ತಾನೆ. ಹಾಗಾದರೆ ಪಾಸಾಗದ ಅವನ ಅಕ್ಕ, ಗೆಳೆಯ, ಅಪ್ಪ ಇವರೆಲ್ಲ ದಡ್ಡರೇ? ಗುಳೆ ಹೋದವರ ಮಗ ಈ ಪುಸ್ತಕ ಓದಿದರೆ ಅವನಿಗೆ ಧೈರ್ಯ ಬರುವುದಿಲ್ಲ. ಯಾರೋ ತನ್ನನ್ನು ಕಿಟಕಿಯಿಂದ ನೋಡಿ ಅಯ್ಯೋ ಎಂದಂತಾಗುತ್ತದೆ. ಮಂತ್ರದಂಡವಿಲ್ಲದಿದ್ದರೂ ಇದು ಮಾಯಾಜಾಲವೇ.

ಹೀಗಿರುವಾಗ ಅದ್ಭುತ ದೊಡ್ಡದೋ ವಾಸ್ತವ ದೊಡ್ಡದೋ ಎಂಬ ಜಗಳಕ್ಕೆ ಅರ್ಥವೇ ಇಲ್ಲ. ಎ. ಕೆ. ರಾಮಾನುಜನ್ ಅವರು ಸಂಗ್ರಹಿಸಿದ ಕನ್ನಡದ ಜನಪದ ಕಥೆಯೊಂದಿದೆ. ಬಡವಿಯ ಕಿರಿಯ ಮಗಳು ನೀರು ಸುರಿಸಿಕೊಂಡು ಹೂವಿನ ಗಿಡವಾಗುತ್ತಾಳೆ. ಹೂ ಮಾರಿ ತಾಯಿಗೆ ನೆರವಾಗುತ್ತಾಳೆ. ಅರಸನ ಮಗನನ್ನು ಮದುವೆಯಾಗಿ ಹೋದ ಮನೆಯಲ್ಲಿ ನಾದಿನಿಯು ಗೆಳತಿಯರೊಡನೆ ಬಲವಂತವಾಗಿ ಆಕೆಯನ್ನು ಗಿಡ ಮಾಡಿ, ಕೊಂಬೆ ಮುರಿದು, ಬಿಟ್ಟು ಹೋಗುತ್ತಾಳೆ. ಅರ್ಧ ದೇಹದ ಮನುಷ್ಯಳಾಗಿ ಆಕೆ ಚರಂಡಿಯಲ್ಲಿ ಬಿದ್ದಿರುತ್ತಾಳೆ. ಗಿರೀಶ ಕಾರ್ನಾಡರು ಈ ಕಥೆಯನ್ನೇ ಆಧರಿಸಿ 1992ರಲ್ಲಿ 'ಚೆಲುವಿ' ಚಿತ್ರ ಮಾಡಿದರು. ಎಳೆಯ ವಯಸ್ಸಿನಲ್ಲಿ ಅತ್ತೆಯ ಮನೆಗೆ ಹೋದ ಹುಡುಗಿಯ ದೇಹಕ್ಕೆ ಏನಾಗುತ್ತದೆಂಬುದನ್ನು ಇದಕ್ಕಿಂತ ನಿಜವಾಗಿ ಯಾವ ಇಲಾಖೆಯ ಕರಪತ್ರ ಹೇಳಿದೆ? ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ'ವನ್ನು ನೋಡಿರಿ. 1980ರಲ್ಲಿ ಬಂದ ಆ ಕಾದಂಬರಿಯಲ್ಲಿ ಜೇನು, ಜಮೀನಿನ ತಾಪತ್ರಯ, ಮಂದಣ್ಣನ ಮದುವೆ ಎಲ್ಲವೂ ನಮ್ಮ ನಿಮ್ಮ ಬದುಕಿನಷ್ಟೇ ಸಾಮಾನ್ಯ. ಅದರ ನಡುವಿನಿಂದಲೇ ಹಾರುವ ಓತಿ ಮೇಲೆದ್ದು, ಕೈಗೆ ಸಿಗದೆ ತೇಲಿ ಹೋಗುತ್ತದೆ. ಹದಿಹರೆಯದವರಿಗೆಂದು ಬರೆದದ್ದಲ್ಲ, ಆದರೂ ನನ್ನ ಎಷ್ಟೋ ವಿದ್ಯಾರ್ಥಿಗಳು ಮೊದಲ ಬಾರಿಗೆ ಕೊನೆಯ ಪುಟದವರೆಗೆ ಓದಿದ ಕಾದಂಬರಿ ಅದು.

ಬರೆಯುವ ಶಿಷ್ಯರಿಗೆ ನನ್ನದೊಂದು ಮಾತು. ವಸ್ತುವಿಗಾಗಿ ಬೇರೆ ದೇಶಕ್ಕೆ ಹೋಗಬೇಕಾಗಿಲ್ಲ. ರಾಯಚೂರಿನ ಕೋಟೆಯ ಗೋಡೆಯಲ್ಲಿ ಸುಮಾರು 40 ಅಡಿ ಉದ್ದದ ಒಂದೇ ಕಲ್ಲಿದೆ. ಅದರ ಮೇಲೆ 1294ರ ಶಾಸನ, ಪಕ್ಕದಲ್ಲಿ ಅದನ್ನು ಬಂಡಿಯಲ್ಲಿ ಎಳೆದು ತಂದ ಚಿತ್ರ. ಮಸ್ಕಿಯಲ್ಲಿ 1915ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರ್ ಕಂಡ ಬಂಡೆಯ ಬರಹದಲ್ಲಿ ಅಶೋಕನ ಹೆಸರೇ ಸಿಕ್ಕಿತು. ಹಟ್ಟಿಯಲ್ಲಿ ಸಾವಿರಾರು ಅಡಿ ಆಳದಲ್ಲಿ ಮನುಷ್ಯರು ಚಿನ್ನ ಅಗೆಯುತ್ತಾರೆ. ಆ ಗಣಿಯಲ್ಲಿ ಒಂದು ರಾಕ್ಷಸನನ್ನು ಇಡಿರಿ, ಅಥವಾ ಗಣಿಗೆ ಇಳಿದ ಅಪ್ಪನಿಗಾಗಿ ಕಾಯುವ ಮಗಳನ್ನು ಇಡಿರಿ. ಎರಡೂ ನಮ್ಮ ಮಕ್ಕಳಿಗೆ ಬೇಕು.

ಪಾಲಕರಿಗೂ ಶಿಕ್ಷಕರಿಗೂ ಇನ್ನೊಂದು ಮಾತು. 2020ರಲ್ಲಿ 'ಓದುವ ಬೆಳಕು' ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಸದಸ್ಯತ್ವ ಉಚಿತವಾಯಿತು. ಒಳ್ಳೆಯ ಕೆಲಸ. ಆದರೆ ಚೀಟಿ ಸಿಕ್ಕ ಹದಿನೈದರ ಹುಡುಗಿ ಒಳಗೆ ಬಂದಾಗ ಅವಳ ಕೈಗೆ ಯಾವ ಪುಸ್ತಕ ಬರುತ್ತದೆ? ನಾನು ನೋಡಿದ ಕಡೆಗಳಲ್ಲೆಲ್ಲ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳೂ ಚಿಕ್ಕವರ ಚಿತ್ರಪುಸ್ತಕಗಳೂ ಇದ್ದವು. ಅವಳ ವಯಸ್ಸಿನದು ಕಾಣಲಿಲ್ಲ. ನಿಮ್ಮ ನಿಮ್ಮ ಊರಿನ ಗ್ರಂಥಾಲಯಕ್ಕೆ ಒಮ್ಮೆ ಹೋಗಿ, ಕಪಾಟು ನೋಡಿ, ಎರಡು ಕಾದಂಬರಿಗಳನ್ನು ಕೊಂಡು ಕೊಡಿರಿ: ಒಂದರಲ್ಲಿ ರಾಕ್ಷಸನಿರಲಿ, ಒಂದರಲ್ಲಿ ಬರಗಾಲವಿರಲಿ. ಯಾವುದನ್ನು ಓದಬೇಕೆಂದು ಮಾತ್ರ ಹೇಳಬೇಡಿರಿ. ಅದನ್ನು ಅವಳು ಆರಿಸಿಕೊಳ್ಳುತ್ತಾಳೆ.