ಕೂಲಿಯ ಮೊರೆ

2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಕಬ್ಬು ಬೆಳೆಗಾರರು ನ್ಯಾಯಬೆಲೆಗಾಗಿ ಬೀದಿಗಿಳಿದರು. ಸರಕಾರವು ಟನ್ನಿಗೆ 3,300 ರೂಪಾಯಿ ಘೋಷಿಸಿತು. ಕಬ್ಬು ಪೂರೈಸಿದ 14 ದಿನಗಳೊಳಗೆ ಹಣ ಸಲ್ಲಬೇಕೆಂಬುದು 1966ರ ಕಬ್ಬು ನಿಯಂತ್ರಣ ಆದೇಶದ ವಿಧಿ. ಅದು ತಪ್ಪಿದಾಗ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ರೈತರು ನೊಂದು ಕೇಳುವುದು ನ್ಯಾಯವೇ ಸರಿ.

ಆದರೆ ದೇವರ ವಾಕ್ಯವು ಅಲ್ಲಿಗೇ ನಿಲ್ಲದು. ಬಡ ಕೂಲಿಯಾಳಿನ ಸಂಬಳವನ್ನು ಸೂರ್ಯ ಮುಳುಗುವ ಮುನ್ನವೇ ಕೊಡಬೇಕೆಂದು ಧರ್ಮೋಪದೇಶಕಾಂಡವು (24:15) ವಿಧಿಸುತ್ತದೆ. ತಡೆಹಿಡಿದ ಕೂಲಿಯೇ ದೇವರಿಗೆ ಮೊರೆಯಿಡುತ್ತದೆಂದು ಯಕೋಬರು (5:4) ಎಚ್ಚರಿಸುತ್ತಾರೆ. ಕಾರ್ಖಾನೆಯಿಂದ 14 ದಿನಗಳ ಲೆಕ್ಕ ಕೇಳುವ ನಾವು, ನಮ್ಮ ಹೊಲದಲ್ಲಿ ಕಬ್ಬು ಕಡಿದವರನ್ನು, ಕಳೆ ತೆಗೆದ ತಾಯಂದಿರನ್ನು ಎಷ್ಟು ದಿನ ಕಾಯಿಸುತ್ತಿದ್ದೇವೆ? 'ಬಿಲ್ಲು ಬಂದ ಮೇಲೆ ನೋಡೋಣ' ಎಂಬ ಮಾತಿನಿಂದ ಅವರ ಒಲೆ ಉರಿಯದು. ಮುಂದಿನ ರವಿವಾರ ಬಲಿಪೂಜೆಗೆ ಬರುವ ಮುನ್ನ ಆ ಬಾಕಿಯನ್ನು ತೀರಿಸಿ ಬರೋಣ.