ಐದು ಯೂರೋಗೆ ವೆನಿಸ್ ಉಳಿದೀತೇ?

ಬೆಂಗಳೂರಿನಿಂದ ಹೊರಡುವ ಯುರೋಪ್ ಪ್ಯಾಕೇಜುಗಳಲ್ಲಿ ವೆನಿಸ್‌ನ ಪಾಲಿಗೆ ಬರುವುದು ಹೆಚ್ಚೆಂದರೆ ಒಂದು ಹಗಲು. ರಾತ್ರಿ ತಂಗುವುದು ನೀರಿನಾಚೆ, ಮೆಸ್ತ್ರೆಯಲ್ಲೋ ಪಡೋವಾದಲ್ಲೋ. ಬೆಳಿಗ್ಗೆ ಬಸ್ಸು ದೋಣಿಕಟ್ಟೆಗೆ ಬಿಡುತ್ತದೆ, ದೋಣಿ ಸ್ಯಾನ್ ಮಾರ್ಕೊ ಚೌಕದ ಬಳಿ ಇಳಿಸುತ್ತದೆ. ಗೈಡ್ ಎತ್ತಿ ಹಿಡಿದ ಕೊಡೆಯ ಹಿಂದೆ ಬಸಿಲಿಕಾ, ಡೋಜ್ ಅರಮನೆ, ನಿಟ್ಟುಸಿರಿನ ಸೇತುವೆ, ರಿಯಾಲ್ಟೊ. ನಡುವೆ ಒಂದು ಗಾಜಿನ ಅಂಗಡಿ, ಒಂದು ಗೊಂಡೋಲಾ, ಲೆಕ್ಕವಿಲ್ಲದಷ್ಟು ಫೋಟೊ. ಸಂಜೆಯಾದರೆ ಮತ್ತೆ ಬಸ್ಸು.

ಇದನ್ನು ಗೇಲಿ ಮಾಡಬೇಕಾಗಿಲ್ಲ. ಜೀವಮಾನದ ಉಳಿತಾಯ ಹಾಕಿ ಒಮ್ಮೆ ಹೊರಟ ನಿವೃತ್ತ ಮೇಷ್ಟ್ರಿಗೆ ಅಷ್ಟಾದರೂ ದಕ್ಕಿತಲ್ಲ! ಆದರೆ ವೆನಿಸ್ ನಗರಾಡಳಿತಕ್ಕೆ ತಲೆನೋವಾಗಿರುವವರು ಹೀಗೆ ಬಂದು ಅಂದೇ ಹೋಗುವವರೇ. 2024ರ ಏಪ್ರಿಲ್ 25ರಿಂದ ಅವರಿಗೆ ಪ್ರವೇಶ ಶುಲ್ಕ ಬಿದ್ದಿದೆ. ಜನ ಮುಗಿಬೀಳುವ ಆಯ್ದ ದಿನಗಳಲ್ಲಿ, ಬೆಳಿಗ್ಗೆ ಎಂಟೂವರೆಯಿಂದ ಸಂಜೆ ನಾಲ್ಕರವರೆಗೆ, ತಲೆಗೆ ಐದು ಯೂರೋ. ಮೊದಲ ವರ್ಷ 29 ದಿನಗಳಿಗಿದ್ದದ್ದು 2025ರಲ್ಲಿ 54 ದಿನಗಳಿಗೆ ಏರಿತು. ಮುಂಗಡ ಕಟ್ಟದೆ ಕೊನೆ ಗಳಿಗೆಯಲ್ಲಿ ಬಂದವರಿಗೆ ಹತ್ತು ಯೂರೋ. ಮೆಸ್ತ್ರೆಯೂ ಸೇರಿ ನಗರಾಡಳಿತದ ವ್ಯಾಪ್ತಿಯೊಳಗೆ ರಾತ್ರಿ ತಂಗುವವರಿಗೆ ವಿನಾಯಿತಿ.

ಈ ಮದ್ದಿನಲ್ಲಿ ನನಗೆ ನಂಬಿಕೆಯಿಲ್ಲ. ಅರ್ಧ ಗಂಟೆಯ ಗೊಂಡೋಲಾಕ್ಕೆ 90 ಯೂರೋ ಎಣಿಸಲು ತಯಾರಾಗಿ ಬಂದವನನ್ನು ಐದು ಯೂರೋ ತಡೆದೀತೇ? ಬಾಗಿಲಲ್ಲಿ ಟಿಕೆಟ್ ಹರಿದು ಒಳಗೆ ಬಿಟ್ಟಮೇಲೆ, ಬಂದವನೂ ಅದನ್ನು ಊರೆಂದು ಭಾವಿಸುವುದಿಲ್ಲ. ದುಡ್ಡು ಕೊಟ್ಟಿದ್ದೇನೆ, ಇನ್ನು ಪ್ರದರ್ಶನ ನಡೆಯಲಿ ಅನ್ನುತ್ತಾನೆ.

ಕಾಯಿಲೆ ಬೇರೆಯೇ ಇದೆ. 1951ರಲ್ಲಿ ದ್ವೀಪಗಳ ಮೇಲಿನ ಹಳೆಯ ಊರಿನಲ್ಲಿ ಸುಮಾರು 1,75,000 ಜನ ಬದುಕುತ್ತಿದ್ದರು. 2022ರಲ್ಲಿ ಆ ಸಂಖ್ಯೆ 50,000ದ ಕೆಳಗಿಳಿಯಿತು. ರಿಯಾಲ್ಟೊ ಸೇತುವೆಯ ಸಮೀಪದ ಒಂದು ಔಷಧಿ ಅಂಗಡಿ 2008ರಿಂದ ತನ್ನ ಕಿಟಕಿಯಲ್ಲಿ ಒಂದು ಫಲಕ ಇಟ್ಟಿದೆ. ಊರಲ್ಲಿ ಇನ್ನೆಷ್ಟು ಜನ ಉಳಿದಿದ್ದಾರೆ ಎನ್ನುವುದಷ್ಟೇ ಅದರಲ್ಲಿ ಕಾಣುತ್ತದೆ. 2023ರಲ್ಲಿ ಪ್ರವಾಸಿಗರ ಹಾಸಿಗೆಗಳ ಸಂಖ್ಯೆ ನಿವಾಸಿಗಳ ಸಂಖ್ಯೆಯನ್ನೇ ಮೀರಿತು. ಪ್ರವಾಸಿಗರ ಯಾವ ಪಟ್ಟಿಯಲ್ಲೂ ಆ ಫಲಕವಿಲ್ಲ. ನನ್ನನ್ನು ಕೇಳಿದರೆ ನಿಟ್ಟುಸಿರಿನ ಸೇತುವೆಗಿಂತ ಮೊದಲು ನೋಡಬೇಕಾದದ್ದು ಅದು.

ಎರಡನೆಯದಾಗಿ ನೋಡಬೇಕಾದದ್ದು ಬಾವಿ. ವೆನಿಸ್‌ನ ಬಹುತೇಕ ಚೌಕಗಳ ನಡುವೆ ಒಂದು ಕೆತ್ತನೆಯ ಕಲ್ಲುಕಟ್ಟೆ, ಮೇಲೆ ಲೋಹದ ಮುಚ್ಚಳ. ಪ್ರವಾಸಿಗರು ಅದರ ಮೇಲೆ ಬ್ಯಾಗಿಟ್ಟು ಐಸ್‌ಕ್ರೀಂ ತಿನ್ನುತ್ತಾರೆ. ಸುತ್ತಲೂ ನೀರು, ಕುಡಿಯಲು ತೊಟ್ಟು ನೀರಿಲ್ಲ ಎನ್ನುವ ಜಾಗದಲ್ಲಿ ಒಂದು ಮಹಾನಗರ ಬದುಕಿದ್ದು ಈ ಕಟ್ಟೆಗಳ ಕೆಳಗಿನ ಜಾಣತನದಿಂದ. ಬಾವಿ ಎಂದರೂ ಅಂತರ್ಜಲದ ಬಾವಿಯಲ್ಲ. ಚೌಕವನ್ನೇ ದೊಡ್ಡ ಗುಂಡಿ ತೋಡಿ, ಉಪ್ಪುನೀರು ಒಳನುಗ್ಗದಂತೆ ಜೇಡಿಮಣ್ಣು ಮೆತ್ತಿ, ಒಳಗೆ ಮರಳು ತುಂಬಿ, ನಟ್ಟನಡುವೆ ಇಟ್ಟಿಗೆಯ ಕೊಳವೆಯೊಂದನ್ನು ಎಬ್ಬಿಸುತ್ತಿದ್ದರು. ಹಾಸುಗಲ್ಲಿನ ಮೇಲೆ ಬಿದ್ದ ಮಳೆ ಅಂಚಿನ ತೂತುಗಲ್ಲುಗಳಲ್ಲಿ ಇಳಿದು, ಮರಳಿನಲ್ಲಿ ಸೋಸಿ, ಕೊಳವೆಯ ಬುಡ ಸೇರುತ್ತಿತ್ತು. ಉಬ್ಬರದ ನೀರು ಒಳಸೇರಿ ಕೆಡಿಸದಿರಲೆಂದು ಎಷ್ಟೋ ಕಡೆ ಕಟ್ಟೆಯನ್ನು ಮೆಟ್ಟಿಲ ಮೇಲೆ ಎತ್ತರಿಸಿದ್ದಾರೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಎಣಿಸಿದಾಗ ಖಾಸಗಿಯವೂ ಸೇರಿ ಆರು ಸಾವಿರಕ್ಕೂ ಹೆಚ್ಚು ಬಾವಿಗಳಿದ್ದವು. ಬೇಸಿಗೆಯಲ್ಲಿ ಅವೂ ಸಾಲದಾದಾಗ ಬ್ರೆಂಟಾ ನದಿಯಿಂದ ದೋಣಿಗಳಲ್ಲಿ ಸಿಹಿನೀರು ಬರುತ್ತಿತ್ತು. ನಲ್ಲಿನೀರು ಬಂದದ್ದು 1884ರಲ್ಲಿ.

ಕುಡಿಯುವ ನೀರಿಗೆ ಇಷ್ಟಾದರೆ, ಕಾಲುವೆಗಳನ್ನು ಉಳಿಸಿಕೊಳ್ಳಲು ಅವರು ಪಟ್ಟ ಪಾಡು ಇನ್ನೂ ದೊಡ್ಡದು. ನದಿಗಳು ಹೊತ್ತು ತರುವ ಹೂಳು ಹಿನ್ನೀರನ್ನು ಮುಚ್ಚಿ ಊರನ್ನು ಒಣನೆಲಕ್ಕೆ ಅಂಟಿಸುತ್ತದೆ ಎಂದು ಗೊತ್ತಾದಾಗ, ನದಿಗಳ ಬಾಯನ್ನೇ ತಿರುಗಿಸಿ ಕಡಲಿಗೆ ಬಿಟ್ಟರು. ಬ್ರೆಂಟಾ, ಸಿಲೆ, ಪಿಯಾವೆ ಮೂರೂ ಪಾತ್ರ ಬದಲಿಸಿದವು. ನೀರಿನ ಉಸ್ತುವಾರಿಗೆಂದೇ 1501ರಲ್ಲಿ ಅಧಿಕಾರಿಗಳ ಮಂಡಳಿ ನೇಮಿಸಿದ ಗಣರಾಜ್ಯವದು. ನದಿಗಳನ್ನು ತಿರುಗಿಸಿದವರ ಊರಿನಲ್ಲಿ ಇವತ್ತು ಒಬ್ಬ ದಾದಿಗೆ, ಒಬ್ಬ ಬಡಗಿಗೆ ಬಾಡಿಗೆಗೆ ಮನೆ ಸಿಗುವುದು ಕಷ್ಟ.

ನಮಗೂ ವೆನಿಸ್‌ಗೂ ಹಳೆಯ ಪರಿಚಯ. 1420ರ ಸುಮಾರಿಗೆ ವಿಜಯನಗರವನ್ನು ಕಂಡ ನಿಕೊಲೊ ಕೊಂಟಿ ಇದೇ ಹಿನ್ನೀರಿನ ತೆಂಕಣ ತುದಿಯ ಕಿಯೋಜಾದವನು. ತಾಳಿಕೋಟೆ ಯುದ್ಧವಾಗಿ ಎರಡು ವರ್ಷಕ್ಕೆ, 1567ರಲ್ಲಿ, ಚೆಸಾರೆ ಫೆದೆರಿಚಿ ಎಂಬ ವೆನಿಸ್‌ನ ವ್ಯಾಪಾರಿ ಅದೇ ನಗರಕ್ಕೆ ಬಂದು ಏಳು ತಿಂಗಳು ತಂಗಿದ್ದ. ನಗರ ಪೂರ್ತಿ ನಾಶವಾಗಿಲ್ಲ, ಮನೆಗಳು ನಿಂತೇ ಇವೆ, ಆದರೆ ಬರಿದಾಗಿವೆ, ಒಳಗೆ ಹುಲಿ ಮುಂತಾದ ಕಾಡುಪ್ರಾಣಿಗಳು ಸೇರಿಕೊಂಡಿವೆ ಎಂದು ಬರೆದಿಟ್ಟ. ಅವನ ಊರಿನ ಮನೆಗಳೂ ಈಗ ನಿಂತೇ ಇವೆ. ಒಳಗೆ ಹುಲಿಯಿಲ್ಲ, ಬಾಗಿಲಲ್ಲಿ ಸಂಖ್ಯೆ ಒತ್ತಿ ತೆರೆಯುವ ಕೀಲಿಪೆಟ್ಟಿಗೆ, ಎರಡು ರಾತ್ರಿಗೆ ಬಂದವರ ಚಕ್ರದ ಸೂಟ್‌ಕೇಸು.

ತಪ್ಪನ್ನೆಲ್ಲ ಪ್ರವಾಸಿಗನ ತಲೆಗೆ ಕಟ್ಟುವುದೂ ಸರಿಯಲ್ಲ. ಅಜ್ಜಿಯ ಮನೆಯನ್ನು ದಿನಬಾಡಿಗೆಗೆ ಹಚ್ಚಿ ತಾವು ಮೆಸ್ತ್ರೆಯಲ್ಲಿ ಲಿಫ್ಟಿರುವ ಫ್ಲಾಟು ಹಿಡಿದವರೂ ವೆನಿಸ್‌ನವರೇ. ಪ್ರವಾಸಿ ಮನೆಗಳಿಗೆ ಮಿತಿ ಹಾಕಲು ಇಟಲಿಯ ಸಂಸತ್ತು 2022ರಲ್ಲೇ ಈ ನಗರಕ್ಕೆ ವಿಶೇಷ ಅಧಿಕಾರ ಕೊಟ್ಟಿತ್ತು. ಟಿಕೆಟ್ಟಿಗೆ ತೋರಿದ ಅವಸರವನ್ನು ನಗರಾಡಳಿತ ಅದಕ್ಕೆ ತೋರಲಿಲ್ಲ. ಟಿಕೆಟ್ ಹೊರಗಿನವನ ಜೇಬಿಗೆ ಕೈ ಹಾಕುತ್ತದೆ, ಮಿತಿ ಸ್ವಂತ ಮತದಾರನ ಜೇಬಿಗೆ. ಯಾವುದು ಸುಲಭ ಎಂದು ನಮ್ಮ ಕಾರ್ಪೊರೇಟರುಗಳಿಗೂ ಬಿಡಿಸಿ ಹೇಳಬೇಕಿಲ್ಲ.

ಹೋಗಲೇಬಾರದೇ? ಹೋಗಿ, ಆದರೆ ಊರಲ್ಲೇ ಎರಡು ರಾತ್ರಿ ಇರಿ, ಹೋಟೆಲಿನಲ್ಲಿ. ಗೊಂಡೋಲಾದ ಆಸೆಗೆ ಅಗ್ಗದ ದಾರಿಯೊಂದಿದೆ: ಸೇತುವೆ ದೂರವಿರುವ ಕಡೆ ದೊಡ್ಡ ಕಾಲುವೆಯನ್ನು ದಾಟಿಸುವ ಕಡವಿನ ದೋಣಿ. ಅದೂ ಗೊಂಡೋಲಾದ ಜಾತಿಯದೇ, ಹೊರಗಿನವರಿಗೆ ಎರಡು ಯೂರೋ. ಸಾಧ್ಯವಾದರೆ ನವೆಂಬರ್ 21ರ ಸಲೂತೆ ಹಬ್ಬಕ್ಕೆ ಹೊಂದಿಸಿಕೊಳ್ಳಿ. 1630ರ ಪ್ಲೇಗು ಊರಿನ ಸುಮಾರು ಮೂರನೆಯ ಒಂದು ಭಾಗ ಜನರನ್ನು ಕೊಂದಾಗ ಹೊತ್ತ ಹರಕೆಗೆ ಕಟ್ಟಿದ್ದು ಸಲೂತೆ ಚರ್ಚು. ಕೆಸರಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮರದ ಗೂಟ ಬಡಿದು ಅದರ ಮೇಲೆ ನಿಲ್ಲಿಸಿದ್ದಾರೆ. ಆ ದಿನ ದೊಡ್ಡ ಕಾಲುವೆಗೆ ತಾತ್ಕಾಲಿಕ ಸೇತುವೆ ಹಾಕುತ್ತಾರೆ. ಅದನ್ನು ದಾಟಿ ಮೇಣದಬತ್ತಿ ಹಚ್ಚಲು ಬರುವವರು ವೆನಿಸ್‌ನವರೇ, ಮೆಸ್ತ್ರೆಗೆ ಹೋಗಿ ನೆಲೆಸಿದವರೂ ಬರುತ್ತಾರೆ. ಹಬ್ಬದ ಅಡುಗೆ ಮಾತ್ರ ಕುರಿಮಾಂಸ ಮತ್ತು ಕೋಸಿನ ಸಾರು, ಸಸ್ಯಾಹಾರಿಗಳು ನೋಡಿ ತೃಪ್ತಿಪಡಬೇಕು.

ಒಂದು ಎಚ್ಚರ. ನವೆಂಬರ್ ಎಂದರೆ ನೀರೇರುವ ಕಾಲ. 2019ರ ನವೆಂಬರ್ 12ರಂದು 187 ಸೆಂಟಿಮೀಟರ್ ಏರಿತ್ತು. ಮರುವರ್ಷದಿಂದ ಮೂರು ಅಳಿವೆಗಳಲ್ಲಿ 78 ಉಕ್ಕಿನ ಗೇಟುಗಳು ಕೆಲಸ ಮಾಡುತ್ತಿವೆ. ಆದರೆ ಅವನ್ನು ಎತ್ತುವುದು 110 ಸೆಂಟಿಮೀಟರಿನ ಆಸುಪಾಸಿನ ಮುನ್ಸೂಚನೆ ಇದ್ದಾಗ. ಸ್ಯಾನ್ ಮಾರ್ಕೊ ಚೌಕ ಊರಿನಲ್ಲೇ ತೀರ ತಗ್ಗು, ಅದಕ್ಕೆ ಮೊದಲೇ ಅಲ್ಲಿ ನೀರು ನಿಲ್ಲಬಹುದು. ಚಪ್ಪಲಿ ಹೋಟೆಲಿನಲ್ಲೇ ಬಿಟ್ಟು ಬೂಟು ಹಾಕಿಕೊಳ್ಳಿ.