ಕಂಸಾಳೆ ಯಾರ ಕೈಯ ವಾದ್ಯ?



ನವೆಂಬರ್ ತಿಂಗಳು ಬಂತೆಂದರೆ ರಾಜ್ಯೋತ್ಸವದ ಸಂಭ್ರಮದೊಡನೆ ನನ್ನದೊಂದು ಹಳೆಯ ತಪ್ಪೂ ನೆನಪಾಗುತ್ತದೆ. 1998ರಲ್ಲಿ ನಾನು ಶಾಲೆಯ ಬೀಸು ಕಂಸಾಳೆ ತಂಡಕ್ಕೆ ಹುಡುಗರನ್ನು ಆರಿಸುತ್ತಿದ್ದೆ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಸಾರ್, ನಾನೂ ಸೇರ್ಕೋತೀನಿ" ಎಂದಳು. ಆಕೆಯ ತಾತ ಮಾದಪ್ಪನ ಗುಡ್ಡರು. ತಾಳದ ಗತಿ ಅವಳಿಗೆ ಮನೆಯಲ್ಲಿಯೇ ಒಲಿದಿತ್ತು. ನಾನಾದರೋ, "ಅದು ಗಂಡಸರದ್ದಮ್ಮ, ನೀನು ಕೋಲಾಟಕ್ಕೆ ಸೇರ್ಕೋ" ಎಂದುಬಿಟ್ಟೆ. ಆಕೆ ಮರುಮಾತಾಡದೆ ಕುಳಿತಳು.

ಅಂದು ನನ್ನ ಬಳಿ ಕಾರಣವಿತ್ತು. ಕಂಸಾಳೆ ಬರಿಯ ವಾದ್ಯವಲ್ಲ, ಅದೊಂದು ವ್ರತ. ಎಡಗೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ, ಬಲಗೈಯಲ್ಲಿ ದಾರಕ್ಕೆ ಕಟ್ಟಿದ ಮುಚ್ಚಳದಂಥ ತಾಳ ಹಿಡಿದು, ದೀಕ್ಷೆ ಪಡೆದ ದೇವರಗುಡ್ಡರು ಮಲೆಮಾದೇಶ್ವರನ ಕಥೆಯನ್ನು ಹಾಡುತ್ತ ಭಿಕ್ಷೆಗೆ ಹೋಗುತ್ತಾರೆ. ಆ ವ್ರತ ಪರಂಪರೆಯಿಂದ ಗಂಡಸರದು. ಅದನ್ನು ನಾನು ಇಂದಿಗೂ ಗೌರವಿಸುತ್ತೇನೆ.

ಆದರೆ ಶಾಲೆಯ ಮೈದಾನದಲ್ಲಿ ನಡೆದದ್ದು ವ್ರತವೇ? ನಾನು ಆರಿಸಿದ ಹನ್ನೆರಡು ಹುಡುಗರಲ್ಲಿ ಒಬ್ಬನಿಗೂ ದೀಕ್ಷೆಯಾಗಿರಲಿಲ್ಲ. ಅವರನ್ನು ನಾನು ಕೇಳಲೂ ಇಲ್ಲ. ಅವರಿಗಿಲ್ಲದ ನಿಬಂಧನೆಯನ್ನು ಆ ಹುಡುಗಿಯೊಬ್ಬಳ ಮೇಲೆ ಹೇರಿದ್ದು ಯಾವ ನ್ಯಾಯ?

1973ರಲ್ಲಿ ನಮ್ಮ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾಯಿತು. ಇಂದು ಮೈಸೂರು ದಸರಾ ಮೆರವಣಿಗೆಯಲ್ಲಿ ಡೊಳ್ಳು, ಕಂಸಾಳೆಗಳನ್ನು 'ಇದು ನಮ್ಮ ನಾಡು' ಎಂದು ಜಗತ್ತಿಗೆ ತೋರಿಸುತ್ತೇವೆ. ವಾದ್ಯವು ಒಂದು ಪಂಥದ್ದಾಗಿರುವವರೆಗೆ ಅದರ ನಿಯಮ ಆ ಪಂಥದ್ದು. ನಾಡಿನ ಗುರುತೆಂದು ಬೀದಿಗೆ ತಂದ ಮೇಲೆ, ನಾಡಿನ ಅರ್ಧ ಜನರಿಗೆ 'ಮುಟ್ಟಬೇಡಿ' ಎನ್ನಲಾಗದು.

ಸೋಜಿಗವೆಂದರೆ, ಆ ಗಂಡಸರು ರಾತ್ರಿಯಿಡೀ ಹಾಡುವ ಕಥೆಗಳಲ್ಲಿ ಒಂದು ಸಂಕಮ್ಮನದು. ಶಂಕಿಸುವ ಗಂಡ ನೀಲೇಗೌಡ ಕೇಳಿದ ಭಾಷೆಯನ್ನು ಕೊಡಲೊಲ್ಲದೆ ಹಿಂಸೆಯನ್ನು ನುಂಗಿದ ಹೆಣ್ಣು ಆಕೆ. ಮಾದಪ್ಪ ನಿಂತದ್ದು ಆಕೆಯ ಪಕ್ಕದಲ್ಲಿ.

ದೂರದ ಉಕ್ರೇನಿನಲ್ಲಿಯೂ ಇಂಥದೇ ಪರಂಪರೆಯಿತ್ತು. ಕೊಬ್ಜಾರರೆಂಬ ಅಂಧ ಗಾಯಕರು ತಂತಿವಾದ್ಯ ನುಡಿಸುತ್ತ ಊರೂರು ಅಲೆದು ವೀರಗೀತೆಗಳನ್ನು ಹಾಡುತ್ತಿದ್ದರು, ಅವರೂ ಗಂಡಸರೇ. ಇಪ್ಪತ್ತನೆಯ ಶತಮಾನದಲ್ಲಿ ಅವರ ಬಂಡೂರ ವಾದ್ಯ ಸಂಗೀತ ಶಾಲೆಗಳಲ್ಲಿ ಹೆಣ್ಣುಮಕ್ಕಳ ಕೈಗೆ ಬಂತು. ವಾದ್ಯ ಆ ದೇಶದ ಗುರುತಾಗಿಯೇ ಉಳಿದಿದೆ. ನಮ್ಮಲ್ಲಿ ಬೆಂಗಳೂರಿನ ಸುಕನ್ಯಾ ರಾಮಗೋಪಾಲ್ ಅವರು ಗಂಡಸರದೆನಿಸಿದ್ದ ಘಟವನ್ನು ಹಿಡಿದು, 2014ರ ಸಾಲಿನ ಸಂಗೀತ ನಾಟಕ ಅಕಾಡೆಮಿ ಪುರಸ್ಕಾರಕ್ಕೆ ಪಾತ್ರರಾದರು. ಘಟದ ನಾದವೇನೂ ಕೆಡಲಿಲ್ಲ.

ದೀಕ್ಷೆಯ ವಿಚಾರವನ್ನು ಗುಡ್ಡರೇ ತೀರ್ಮಾನಿಸಲಿ. ಶಾಲೆ, ವೇದಿಕೆ, ಮೆರವಣಿಗೆಗಳಲ್ಲಿ ಮಾತ್ರ ಕಲಿಯಬಯಸುವ ಯಾವ ಮಗುವಿಗೂ ಇಲ್ಲವೆನ್ನಬಾರದು. ಈಗ ಹುಡುಗಿಯರೂ ಕಂಸಾಳೆ ಬೀಸುವುದನ್ನು ಕಂಡಾಗ ಹಿಗ್ಗುತ್ತೇನೆ; ಜೊತೆಗೇ ತಲೆ ತಗ್ಗಿಸುತ್ತೇನೆ.

ನಿಮ್ಮಲ್ಲಿ ಅನೇಕರು ಈಗ ಉಪಾಧ್ಯಾಯರಾಗಿದ್ದೀರಿ. ನಿಮ್ಮ ತರಗತಿಯಲ್ಲಿಯೂ ಒಬ್ಬಳು ಎದ್ದು ನಿಂತಾಳು. ನಾನು ಕೊಟ್ಟ ಉತ್ತರವನ್ನು ನೀವು ಕೊಡಬೇಡಿ.

ಅಂದು ಕುಳಿತ ಆ ಮಗಳು ಇದನ್ನು ಓದುತ್ತಿದ್ದರೆ, ತಾಯಿ, ನಿನ್ನ ಮೇಷ್ಟ್ರದು ತಪ್ಪಾಯಿತು.